ರಸಿಕರ ಎಲೆ, ಕೇರಿಯ ಒಲೆ

ನಮ್ಮ ಸಾಹಿತ್ಯ ವಿಮರ್ಶೆಯ ಮಾತುಗಳು ಬಹುಪಾಲು ಅಡುಗೆಮನೆಯಿಂದ ಬಂದವು. ರಸ ಅಂತಾರೆ, ರುಚಿ ಅಂತಾರೆ, ಪಾಕ ಅಂತಾರೆ, ಆಸ್ವಾದ ಅಂತಾರೆ. ಕವಿತೆ ಚೆನ್ನಾಗಿದ್ದರೆ ಹದವಾಗಿದೆ ಅಂತಾರೆ, ಇಲ್ಲದಿದ್ದರೆ ಸಪ್ಪೆ ಅಂತಾರೆ. ಭರತನ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸ ಅಂದರೇನು ಎಂಬ ಪ್ರಶ್ನೆಗೆ ಸಿಕ್ಕುವ ಉತ್ತರವೇ ಊಟದ್ದು. ಬಗೆಬಗೆಯ ವ್ಯಂಜನ ಕೂಡಿದ ಅನ್ನವನ್ನು ಉಣ್ಣುವ ಸುಮನಸ್ಕರು ಹೇಗೆ ರುಚಿ ಸವಿದು ಸಂತೋಷಪಡುತ್ತಾರೋ, ಹಾಗೆ ಪ್ರೇಕ್ಷಕರು ಭಾವಗಳನ್ನು ಸವಿಯುತ್ತಾರಂತೆ. ಈ ಉಪಮೆಯ ಮೇಲೆ ಶತಮಾನಗಟ್ಟಲೆ ಭಾಷ್ಯ ಬೆಳೆಯಿತು. ಉಣ್ಣುವವನ ಮನಸ್ಸು ಹೇಗಿರಬೇಕು, ಅವನ ಸಂಸ್ಕಾರ ಎಂಥದಿರಬೇಕು ಅಂತ ಚರ್ಚೆಯಾಯಿತು. ಆ ಭತ್ತ ಕುಟ್ಟಿದವರು ಯಾರು, ಒಲೆ ಊದಿದವರು ಯಾರು, ಉಂಡ ಎಲೆ ಎತ್ತಿದವರು ಯಾರು, ಎತ್ತಿದ ಎಲೆಯಲ್ಲಿ ಉಳಿದದ್ದು ಯಾರ ಹೊಟ್ಟೆಗೆ ಹೋಯಿತು ಅಂತ ಆ ಭಾಷ್ಯಗಳಲ್ಲಿ ಯಾರೂ ಕೇಳಿದ್ದನ್ನು ನಾವು ಕಾಣೆವು.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದುಬಿಟ್ಟರು. ರಾಜ್ಯವೆಲ್ಲ ಹೊತ್ತಿಕೊಂಡಿತು, ಮಂತ್ರಿಗಿರಿ ಹೋಯಿತು. ಬೂಸಾ ಅನ್ನುವುದೂ ತಿನ್ನುವುದರ ಮಾತೇ ಅಲ್ಲವೆ? ರಸ ಅಂದವರು ಬಾಳೆಲೆಯ ಮುಂದೆ ಕೂತು ಮಾತಾಡಿದರು, ಬೂಸಾ ಅಂದವರು ಕೊಟ್ಟಿಗೆಯಲ್ಲಿ ನಿಂತು ಮಾತಾಡಿದರು. ಆ ಎರಡು ಜಾಗಗಳ ನಡುವಿನ ದೂರವನ್ನು ಅಳೆಯದೆ ಇದ್ದರೆ ನಮ್ಮ ವಿಮರ್ಶೆಗೆ ಕಣ್ಣು ಬಂದಿಲ್ಲ ಅಂತಲೇ ಅರ್ಥ. ಇಲ್ಲಿ ನಾವು ಬೇರೆ ಬೇರೆ ಜನ ದಿನಾ ಉಣ್ಣುವುದನ್ನೂ ಹಬ್ಬಕ್ಕೆ ತಿನ್ನುವುದನ್ನೂ ಬರೆದಿಟ್ಟ ಕೆಲವು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ಈ ದೂರವನ್ನೇ ಅಳೆಯಲು ಹೊರಟಿದ್ದೇವೆ.

*

ಮೊದಲು ಮನೆಯದನ್ನೇ ನೋಡೋಣ. ಕನ್ನಡದಲ್ಲಿ ಅಡುಗೆಯ ಬರಹಕ್ಕೆ ಸಾವಿರ ವರ್ಷದ ಹಳಮೆ ಇದೆ. 1025ರ ಸುಮಾರಿಗೆ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಅಡುಗೆಗೆ ಒಂದು ಅಧ್ಯಾಯವಿದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸೂಪಶಾಸ್ತ್ರ ಬರೆದ. ಎರಡರಲ್ಲೂ ಭಕ್ಷ್ಯಗಳುಂಟು, ಪಾಯಸಗಳುಂಟು, ಬದನೆಕಾಯಿಯ ಬಗೆಗಳುಂಟು. ಪದ್ಯದಲ್ಲಿ ಪಾಕ ಹೇಳುವ ಆ ಚಮತ್ಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಬಾಡು ಇಲ್ಲ, ಬೋಟಿ ಇಲ್ಲ. ಕನ್ನಡ ನಾಡಿನಲ್ಲಿ ಆಗ ಇವನ್ನು ತಿನ್ನುವವರು ಇರಲಿಲ್ಲವೆ? ಇದ್ದರು. ಅವರ ಹತ್ತಿರ ಮಡಕೆ ಇತ್ತು, ಓಲೆಗರಿ ಇರಲಿಲ್ಲ.

ಇನ್ನೊಂದು ಪುಸ್ತಕ ಇದಕ್ಕಿಂತ ಸ್ವಾರಸ್ಯದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129-30ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆಸಿದ, ಅಥವಾ ಬರೆದ, ಮಾನಸೋಲ್ಲಾಸ. ಅದರ ಅನ್ನಭೋಗದ ಭಾಗದಲ್ಲಿ ಇಡ್ಲಿಯ ಪೂರ್ವಜರೂ ಸಿಗುತ್ತಾರೆ, ಹಂದಿ, ಆಮೆ, ಮೀನೂ ಸಿಗುತ್ತವೆ. ಕರುಳಿನೊಳಗೆ ತುಂಬಿ ಸುಡುವ ಕ್ರಮ ಸಿಗುತ್ತದೆ. ಹೊಲದಲ್ಲಿ, ಹೊಳೆದಂಡೆಯಲ್ಲಿ ಸಿಗುವ ಇಲಿಗಳನ್ನು ಬಿಸಿ ಎಣ್ಣೆಗೆ ಹಾಕಿ ಕೂದಲು ಕಳೆದು ಹುರಿಯುವ ಕ್ರಮವೂ ಸಿಗುತ್ತದೆ. ಕಲ್ಯಾಣ ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ನಮ್ಮ ನೆಲದ ಅರಮನೆಯ ಅಡುಗೆ ಇದು.

ಈಗ ಬಿಹಾರಕ್ಕೆ ಹೋಗಿ. ಅಲ್ಲಿ ಹೊಲದ ಇಲಿ ಹಿಡಿದು ತಿಂದು ಬದುಕಿದ ಜನಕ್ಕೆ ಮುಸಹರ್ ಅಂತ ಹೆಸರು. ಇಲಿ ತಿನ್ನುವವರು ಅನ್ನುವುದೇ ಆ ಹೆಸರಿಗೆ ಸಾಮಾನ್ಯವಾಗಿ ಹೇಳುವ ಅರ್ಥ. ದೊರೆ ತಿಂದರೆ ಇಲಿ ಅವನ ಉಲ್ಲಾಸವಾಗುತ್ತದೆ, ಗ್ರಂಥದ ಒಂದು ಶ್ಲೋಕವಾಗುತ್ತದೆ. ಕೂಲಿಯವನು ತಿಂದರೆ ಅದೇ ಇಲಿ ಅವನ ಜಾತಿಯಾಗಿ, ಅವನ ಮೊಮ್ಮಗನ ಶಾಲೆಯ ಹಾಜರಿ ಪುಸ್ತಕದವರೆಗೂ ಬೆನ್ನುಹತ್ತಿ ಬರುತ್ತದೆ. ಮೈಲಿಗೆ ಪದಾರ್ಥದಲ್ಲಿದೆ ಅಂತ ವಾದಿಸುವವರು ಈ ಒಂದು ಇಲಿಗೆ ಉತ್ತರ ಹೇಳಲಿ. ಪದಾರ್ಥ ಒಂದೇ, ಎಣ್ಣೆಯಲ್ಲಿ ಹುರಿದರೆ ವಾಸನೆಯೂ ಒಂದೇ. ಬೇರೆಯಾದದ್ದು ತಿಂದವನ ಹುಟ್ಟು ಮಾತ್ರ.

ಕನ್ನಡದಲ್ಲಿ ಈ ಜಗಳವನ್ನು ನೇರವಾಗಿ ಕೈಗೆತ್ತಿಕೊಂಡ ಹಳೆಯ ಕೃತಿ ಕನಕದಾಸರ ರಾಮಧಾನ್ಯ ಚರಿತೆ. ಭತ್ತಕ್ಕೂ ರಾಗಿಗೂ ಯಾರು ದೊಡ್ಡವರು ಅಂತ ವ್ಯಾಜ್ಯ. ಭತ್ತ ಶ್ರೀಮಂತರ ಎಲೆಯ ಗರ್ವದಿಂದ ಮಾತಾಡುತ್ತದೆ, ರಾಗಿ ಬಡವರ ಪಕ್ಷ ಹಿಡಿದು ತಿರುಗಿ ಬೀಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಹಾಗೇ ಉಳಿಯುತ್ತದೆ, ಗೆಲ್ಲುತ್ತದೆ. ಇದನ್ನು ಸಾಮರಸ್ಯದ ಕತೆ ಅಂತ ಪಾಠ ಹೇಳುವವರಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಇದು ಕನ್ನಡದ ಮೊದಮೊದಲ ಬಂಡಾಯ ವಿಮರ್ಶೆಗಳಲ್ಲಿ ಒಂದು. ಆದರೂ ಒಂದು ಮಾತು ಕೇಳಲೇಬೇಕು. ರಾಗಿ ತನ್ನ ಯೋಗ್ಯತೆ ತೋರಿಸಲು ಸೆರೆಮನೆಗೇ ಹೋಗಬೇಕಾಯಿತೆ? ಕೊಳೆಯದೆ ಉಳಿಯುವುದು, ಅಂದರೆ ಕಷ್ಟ ಸಹಿಸುವುದು, ಇದೇ ಬಡವನ ಅರ್ಹತಾಪತ್ರವೆ? ಕನಕರು ಬರೆದ ಕಾಲದಲ್ಲಿ ಅದಕ್ಕಿಂತ ಮುಂದೆ ಹೋಗಲು ದಾರಿ ಇರಲಿಲ್ಲವೇನೋ. ನಮಗೆ ಇದೆ.

*

ಈ ದಾರಿಯಲ್ಲಿ ನಡೆದ ಎರಡು ಪುಸ್ತಕಗಳನ್ನು ನಮ್ಮ ಓದುಗರ ಮುಂದೆ ಇಡಬೇಕು. ಒಂದು ಮರಾಠಿಯದು. ಶಾಹು ಪಾಟೋಳೆಯವರ ‘ಅನ್ನ ಹೇ ಅಪೂರ್ಣಬ್ರಹ್ಮ’ 2015ರಲ್ಲಿ ಬಂತು. 2024ರಲ್ಲಿ ಭೂಷಣ್ ಕೋರಗಾಂವಕರ್ ಅದನ್ನು ಇಂಗ್ಲಿಷಿಗೆ ತಂದರು. ಅನ್ನವೇ ಪೂರ್ಣಬ್ರಹ್ಮ ಅನ್ನುವುದು ಮರಾಠಿ ಮನೆಗಳಲ್ಲಿ ಊಟಕ್ಕೆ ಮುಂಚೆ ಹೇಳುವ ಮಾತು. ಪಾಟೋಳೆ ಅದಕ್ಕೆ ಒಂದು ಅಕ್ಷರ ಸೇರಿಸಿ ಇಡೀ ಮಾತನ್ನೇ ಬುಡಮೇಲು ಮಾಡಿದ್ದಾರೆ. ಮರಾಠವಾಡದ ಮಹಾರ್ ಮತ್ತು ಮಾಂಗ್ ಕೇರಿಗಳ ಅಡುಗೆ ಇಲ್ಲಿದೆ. ಒಣಗಿಸಿದ ಮಾಂಸದ ಚಾನ್ಯಾ, ನೆತ್ತರಿನ ರಕ್ತಿ, ಕರುಳಿನ ವಜ್ರಿ, ಜೊತೆಗೆ ಹೊಲದ ಬದುವಿನ ಸೊಪ್ಪುಗಳು. ನಮ್ಮ ಕಡೆಯವರಿಗೆ ಇದೇನೂ ಹೊಸದಲ್ಲ. ಒಣಕಂಡ ಗೊತ್ತಿಲ್ಲದ ಕೇರಿ ಯಾವುದು? ಹಗ್ಗದ ಮೇಲೆ ಮಾಂಸದ ಎಳೆ ಒಣಗಿಸಿ, ಮಳೆಗಾಲದಲ್ಲಿ ಎರಡು ಚೂರು ಸುಟ್ಟು, ಹುರುಳಿಕಾಳಿನ ಜೊತೆ ಕುದಿಸಿದರೆ ಮನೆಯೆಲ್ಲಾ ಘಂ ಅನ್ನುತ್ತದೆ. ಆ ಘಮಲಿಗೇ ಊರವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

ಪಾಟೋಳೆಯವರ ಬರಹದ ಗುಣ ಅದರ ಸಾದಾತನ. ಬೇರೆ ಅಡುಗೆ ಪುಸ್ತಕಗಳಲ್ಲಿ ತುಪ್ಪ ಎಷ್ಟು ಚಮಚ ಅಂತ ಬರೆದಿರುತ್ತದೆ. ಇಲ್ಲಿ ತುಪ್ಪ, ಹಾಲು, ಎಣ್ಣೆ ಯಾಕೆ ಇಲ್ಲ ಅನ್ನುವುದೇ ಪಾಕಕ್ರಮದ ಭಾಗ. ಇಲ್ಲದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಡುಗೆ ಪುಸ್ತಕ ಇದು. ಇದು ಬಂದ ವರ್ಷವೇ ಮಹಾರಾಷ್ಟ್ರದಲ್ಲಿ ಎತ್ತು ಹೋರಿಗಳ ವಧೆಯ ಮೇಲೂ ನಿಷೇಧ ಬಂತು. ನಮ್ಮಲ್ಲಿ 2020ರ ಕಾಯ್ದೆ ಬಂತು. 13 ವರ್ಷ ಮೀರಿದ ಎಮ್ಮೆ ಕೋಣ ಬಿಟ್ಟರೆ ಉಳಿದದ್ದನ್ನೆಲ್ಲ ಮುಟ್ಟುವ ಹಾಗಿಲ್ಲ. ನಮ್ಮ ಅಜ್ಜಿಯರ ಅಡುಗೆ ಪುಸ್ತಕಕ್ಕೆ ಏರುವ ಹೊತ್ತಿಗೆ ಒಲೆಯಿಂದ ಇಳಿದು ಕೋರ್ಟು ಕಚೇರಿಗೆ ಹೋಗಿದೆ.

ಇನ್ನೊಂದು ಪುಸ್ತಕ ಜಪಾನಿನದು. ಉಯೆಹಾರಾ ಯೋಶಿಹಿರೊ 2005ರಲ್ಲಿ ಪ್ರಕಟಿಸಿದ ಈ ಕೃತಿಯ ಹೆಸರನ್ನು ‘ಭೇದಕ್ಕೊಳಗಾದವರ ಊಟದ ಮಣೆ’ ಅಂತ ಕನ್ನಡಿಸಬಹುದು. ಲೇಖಕ ಒಸಾಕಾ ಕಡೆಯ ಬುರಾಕು ಕೇರಿಯವನು. ಬುರಾಕು ಜನ ಅಂದರೆ ಚರ್ಮದ ಕೆಲಸ, ಕಸಾಯಿ ಕೆಲಸಗಳಿಗೆ ಕಟ್ಟಿಹಾಕಿ ಊರಾಚೆ ಇಟ್ಟ ಜನ. 1871ರಲ್ಲಿ ಸರ್ಕಾರ ಕಾಗದದ ಮೇಲೆ ಬಿಡುಗಡೆ ಘೋಷಿಸಿತು. 1922ರಲ್ಲಿ ಆ ಜನ ಸುಯಿಹೆಯಿಶಾ ಎಂಬ ತಮ್ಮದೇ ಸಂಘ ಕಟ್ಟಿದರು. ದಕ್ಕಬೇಕಾದ್ದು ಕಾಗದದಿಂದ ದಕ್ಕುವುದಿಲ್ಲ ಅಂತ ಅವರಿಗೂ ಗೊತ್ತಾಗಿತ್ತು. ಅವರ ಮನೆಯ ತಿನಿಸು ಅಬುರಾಕಸು. ದನದ ಕರುಳನ್ನು ಅದರ ಕೊಬ್ಬಿನಲ್ಲೇ ಗರಿಗರಿಯಾಗುವ ತನಕ ಕರಿದು ತೆಗೆದದ್ದು. ಸೊಪ್ಪಿಗೆ, ಸಾರಿಗೆ ಎರಡು ಚೂರು ಬಿದ್ದರೆ ಸಾಕು, ಅದೇ ವಗ್ಗರಣೆ. ಈಗ ಒಸಾಕಾದ ಅಂಗಡಿಗಳಲ್ಲಿ ಶಾವಿಗೆಯಂಥ ಉದೊನ್ ಸಾರಿಗೆ ಇದನ್ನು ಹಾಕಿ ಎಲ್ಲರೂ ತಿನ್ನುತ್ತಾರೆ.

ಉಯೆಹಾರಾ ತನ್ನ ಕೇರಿಯಲ್ಲೇ ನಿಲ್ಲಲಿಲ್ಲ. ಅಮೆರಿಕದ ಕರಿಯರ ಮನೆ, ಬ್ರೆಜಿಲ್, ಬಲ್ಗೇರಿಯಾ ಮತ್ತು ಇರಾಕಿನ ಅಲೆಮಾರಿ ರೋಮಾ ಜನ, ನೇಪಾಳದ ಅಸ್ಪೃಶ್ಯರು, ಹೀಗೆ ಲೋಕದ ಕೇರಿಗಳನ್ನೆಲ್ಲ ತಿರುಗಿ ಅಲ್ಲಿನವರ ಜೊತೆ ಉಂಡ. ಈ ಯೋಜನೆಯೇ ಒಂದು ವಿಮರ್ಶೆ. ದೇಶದಿಂದ ದೇಶಕ್ಕೆ ಅಡುಗೆ ಬೇರೆ ಅಂತ ಪ್ರವಾಸದ ಪುಸ್ತಕಗಳು ಹೇಳುತ್ತವೆ. ಕೇರಿಯಿಂದ ಕೇರಿಗೆ ಅಡುಗೆ ಒಂದೇ ಅಂತ ಈ ಪುಸ್ತಕ ತೋರಿಸುತ್ತದೆ. ಒಡೆಯರು ಬಿಟ್ಟ ಕರುಳು, ಕಾಲು, ತಲೆ, ಯಾರೂ ಬಿತ್ತದ ಸೊಪ್ಪು, ಇವೇ ಎಲ್ಲೆಲ್ಲೂ ಬಂಡವಾಳ.

ಈ ಎರಡು ಪುಸ್ತಕಗಳ ಒಂದು ಮಿತಿಯನ್ನೂ ಹೇಳಿಬಿಡೋಣ. ಎರಡನ್ನೂ ಬರೆದವರು ಗಂಡುಮಕ್ಕಳು. ಒಲೆಯ ಮುಂದೆ ಕಣ್ಣು ಕೆಂಪಾದದ್ದು ಅವ್ವಂದಿರದು. ಅವ್ವನ ಕೈರುಚಿಯನ್ನು ಮಗ ನೆನೆಯುವುದು ಬೇರೆ, ಅವ್ವನೇ ತನ್ನ ಕೈಯ ಲೆಕ್ಕ ಹೇಳುವುದು ಬೇರೆ. ಅಮೆರಿಕದ ಕರಿಯ ಹೆಣ್ಣುಮಗಳು ವೆರ್ಟಮೇ ಸ್ಮಾರ್ಟ್ ಗ್ರೋಸ್ವೆನರ್ 1970ರಲ್ಲೇ ‘ವೈಬ್ರೇಷನ್ ಕುಕಿಂಗ್’ ಬರೆದಳು. ಚಮಚ ಅಳತೆಯಿಲ್ಲ, ಕೈಗೆ ಬಂದ ಹಾಗೆ, ಮೈ ಹೇಳಿದ ಹಾಗೆ ಅಡುಗೆ ಅಂದಳು. ನಮ್ಮ ಅವ್ವಂದಿರೂ ಹಾಗೇ. ಉಪ್ಪು ಎಷ್ಟು ಅಂದರೆ ‘ನೋಡ್ಕೊಂಡು ಹಾಕವ್ವ’ ಅಂತಾರೆ. ಆ ನೋಡಿಕೊಳ್ಳುವುದರಲ್ಲಿ ಎಷ್ಟು ತಲೆಮಾರಿನ ವಿದ್ಯೆ ಇದೆ ಅನ್ನುವುದನ್ನು ಕನ್ನಡದಲ್ಲಿ ಒಬ್ಬ ಹೆಣ್ಣುಮಗಳು ಪೂರ್ತಿಯಾಗಿ ಬರೆಯಬೇಕಾಗಿದೆ.

*

ಇಲ್ಲಿ ಒಂದು ದೊಡ್ಡ ತಕರಾರು ಏಳುತ್ತದೆ. ಒಡೆಯ ಬಿಸಾಕಿದ್ದನ್ನು ತಿಂದು ಬದುಕಿದ ಅಡುಗೆಯನ್ನು ನಾವು ಹೆಮ್ಮೆಯಿಂದ ಎತ್ತಿ ಹಿಡಿಯಬೇಕೋ, ಸಂಕೋಲೆ ಕಿತ್ತೆಸೆದ ಹಾಗೆ ಎಸೆಯಬೇಕೋ?

ಅಮೆರಿಕದ ಕರಿಯರಲ್ಲಿ ಈ ಜಗಳ 1960ರ ದಶಕದಲ್ಲಿ ಬಿರುಸಾಗಿ ನಡೆಯಿತು. ಕರಿಯರಿಗೆ ಅಂತ ಒಂದು ಅಡುಗೆಯೇ ಇಲ್ಲ ಅನ್ನುವವರಿಗೆ ಕವಿ ಲೆರಾಯ್ ಜೋನ್ಸ್, ಮುಂದೆ ಅಮೀರಿ ಬರಾಕಾ ಆದವನು, ‘ಸೋಲ್ ಫುಡ್’ ಎಂಬ ಲೇಖನದಲ್ಲಿ ತನ್ನ ಜನದ ತಿನಿಸುಗಳನ್ನು ಒಂದೊಂದಾಗಿ ಮುಂದಿಟ್ಟು ಉತ್ತರ ಕೊಟ್ಟ. 1966ರ ಅವನ ಪ್ರಬಂಧ ಸಂಕಲನದಲ್ಲಿ ಅದು ಸೇರಿತು. ಮರುವರ್ಷವೇ, 1967ರಲ್ಲಿ, ನೇಷನ್ ಆಫ್ ಇಸ್ಲಾಮಿನ ಎಲಿಜಾ ಮುಹಮ್ಮದ್ ‘ಹೌ ಟು ಈಟ್ ಟು ಲಿವ್’ ಪುಸ್ತಕ ತಂದ. ಹಂದಿ ಬಿಡಿ, ಕರುಳು ಬಿಡಿ, ಜೋಳದ ರೊಟ್ಟಿ, ಅಲಸಂದೆ, ಗೆಣಸು ಎಲ್ಲಾ ಗುಲಾಮಗಿರಿಯ ಕೂಳು, ಅದು ನಿಮ್ಮ ಮೈಯನ್ನು ತಿನ್ನುತ್ತದೆ ಅನ್ನುವುದು ಅವನ ವಾದ. ಅವನ ಅನುಯಾಯಿಗಳು ಬಿಳಿ ಬೀನ್ಸ್ ಅರೆದು ಸಕ್ಕರೆ ಹಾಕಿ ಸುಟ್ಟ ಸಿಹಿ ಬೀನ್ ಪೈ ಮಾಡಿ ಬೀದಿಯಲ್ಲಿ ಮಾರಿದರು. ಹಳೆಯ ಸಿಹಿಯನ್ನು ಬಿಟ್ಟ ಜನಕ್ಕೆ ಹೊಸ ಸಿಹಿಯೊಂದು ಬೇಕಲ್ಲ!

ನಮ್ಮಲ್ಲಿ ಈ ಜಗಳ ಅದಕ್ಕೂ ಹಳೆಯದು. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಕೆರೆಯ ನೀರು ಮುಟ್ಟಿಸಿದ್ದು ಎಲ್ಲರಿಗೂ ಗೊತ್ತು. ಸತ್ತ ದನದ ಮಾಂಸ ಬಿಡಿ, ಎಂಜಲು ಬೇಡುವುದು ಬಿಡಿ ಅನ್ನುವ ಕರೆಯೂ ಆ ಸಮ್ಮೇಳನದ್ದೇ. ಹಾಗಾದರೆ ಒಣಕಂಡದ ಹೊಗಳಿಕೆ ಬಾಬಾಸಾಹೇಬರಿಗೆ ಎದುರಾಡಿದ ಹಾಗಲ್ಲವೆ ಅಂತ ನಮ್ಮ ಗೆಳೆಯರಲ್ಲೇ ಕೇಳುವವರಿದ್ದಾರೆ.

ಅಲ್ಲ ಅಂತ ನಾವು ಹೇಳುತ್ತೇವೆ. ಅಂಬೇಡ್ಕರ್ ಬಿಡಿಸಲು ಹೊರಟದ್ದು ಒಂದು ಸಂಬಂಧವನ್ನು. ಊರಿನ ಸತ್ತ ದನ ಹೊರುವುದು ನಿನ್ನ ಕರ್ತವ್ಯ, ಅದರ ಮಾಂಸ ನಿನ್ನ ಕೂಲಿ ಎಂಬ ಕಟ್ಟುಪಾಡನ್ನು. ಮಾಂಸವೇ ಹೊಲಸು ಅನ್ನುವುದು ಅವರ ವಾದವಾಗಿದ್ದರೆ 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಬ್ರಾಹ್ಮಣರೂ ಒಂದು ಕಾಲಕ್ಕೆ ದನದ ಮಾಂಸ ತಿನ್ನುತ್ತಿದ್ದರು ಅಂತ ಅಷ್ಟು ಶ್ರಮಪಟ್ಟು ಸಾಧಿಸುತ್ತಿರಲಿಲ್ಲ. ಬೇಡಿ ತಂದದ್ದು ಎಂಜಲು, ದುಡಿದು ಕೊಂಡದ್ದು ಊಟ. ಈ ಗೆರೆ ತಪ್ಪಿದರೆ ಎರಡು ಕಡೆಗೂ ಜಾರುತ್ತೇವೆ. ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಸುಳ್ಳು ಜಂಬ.

ಸುಳ್ಳು ಜಂಬಕ್ಕೆ ಬ್ರೆಜಿಲಿನ ಫೆಯಿಜೋಆದ ಒಳ್ಳೆಯ ಉದಾಹರಣೆ. ಕಪ್ಪು ಹುರುಳಿಯಂಥ ಕಾಳಿನ ಜೊತೆ ಹಂದಿಯ ಕಿವಿ, ಕಾಲು, ಬಾಲ ಬೇಯಿಸಿದ ಅಡುಗೆ. ಒಡೆಯರು ಬಿಟ್ಟದ್ದನ್ನು ಗುಲಾಮರು ಅಮೃತ ಮಾಡಿದರು ಅಂತ ಆ ದೇಶ ಇದನ್ನು ರಾಷ್ಟ್ರೀಯ ಅಡುಗೆ ಮಾಡಿ ಹಾಡಿಹೊಗಳುತ್ತದೆ. ಆದರೆ ಪೋರ್ಚುಗೀಸರೇ ಹಂದಿಯ ಕಿವಿ ಕಾಲು ಬಿಸಾಕುವವರಲ್ಲ, ಈ ಬಗೆಯ ಅಡುಗೆ ಅವರ ಕಡೆಯಿಂದಲೇ ಬಂದದ್ದು ಅಂತ ಕಾಮಾರಾ ಕಾಸ್ಕುಡೊ ಮೊದಲಾದ ಅಲ್ಲಿನ ಸಂಶೋಧಕರು ತೋರಿಸಿದ್ದಾರೆ. ಗುಲಾಮಗಿರಿ 1888ರ ತನಕ ನಡೆದ ದೇಶಕ್ಕೆ ಒಂದು ಸಿಹಿಯಾದ ಕತೆ ಬೇಕಿತ್ತು, ಕಟ್ಟಿಕೊಂಡಿತು. ಗುಲಾಮರ ಹಸಿವು ಹೋಟೆಲಿನ ಶನಿವಾರದ ಊಟವಾಯಿತು. ಎಂಜಲಿನಿಂದ ಅಮೃತ ಹುಟ್ಟುತ್ತದೆ ಅನ್ನುವವರನ್ನು ಕಂಡಾಗ ನಾವು ಎಚ್ಚರವಾಗಿರಬೇಕು. ಎಂಜಲು ಹಾಕುವ ಕೈಯನ್ನು ಅವರು ಮೆಲ್ಲಗೆ ಪಾರು ಮಾಡುತ್ತಿದ್ದಾರೆ.

*

ಸಾಹಿತ್ಯ ಈ ಗೆರೆಯನ್ನು ಸರಿಯಾಗಿ ಹಿಡಿದಾಗ ಏನಾಗುತ್ತದೆ ಅನ್ನುವುದಕ್ಕೆ ಎರಡು ಕೃತಿ ಸಾಕು. 1997ರಲ್ಲಿ ಬಂದ ಓಂಪ್ರಕಾಶ್ ವಾಲ್ಮೀಕಿಯವರ ಆತ್ಮಕತೆಗೆ ‘ಜೂಠನ್’ ಅಂತಲೇ ಹೆಸರು, ಅಂದರೆ ಎಂಜಲು. ಮದುವೆಮನೆಯ ಎಂಜಲೆಲೆಗಳಿಂದ ಪೂರಿಯ ಚೂರು ಆರಿಸಿ, ಒಣಗಿಸಿ, ಮಳೆಗಾಲದಲ್ಲಿ ನೀರಿನಲ್ಲಿ ಬೇಯಿಸಿ ಉಪ್ಪು ಖಾರ ಹಾಕಿಯೋ ಬೆಲ್ಲ ಹಾಕಿಯೋ ತಿನ್ನುವುದು ಮಕ್ಕಳಿಗೆ ಹಬ್ಬವಾಗಿತ್ತು ಅಂತ ಅವರು ಬರೆಯುತ್ತಾರೆ. ಆ ರುಚಿಯನ್ನು ಸುಳ್ಳು ಅಂತ ಹೇಳುವುದಿಲ್ಲ. ಹೇಳಿ, ಮುಂದೆ ಅದೇ ಎಂಜಲಿನ ಬುಟ್ಟಿಯನ್ನು ಅವರ ತಾಯಿ ಒಡೆಯನ ಬಾಗಿಲಲ್ಲಿ ಕವುಚಿ ಹಾಕಿ ಬರುವುದನ್ನೂ ಹೇಳುತ್ತಾರೆ. ರುಚಿಯೂ ನಿಜ, ಕವುಚಿದ್ದೂ ನಿಜ. ಎರಡನ್ನೂ ಒಟ್ಟಿಗೆ ಹಿಡಿದದ್ದೇ ಆ ಕೃತಿಯ ಬಲ.

ದೇವನೂರ ಮಹಾದೇವರ ‘ಒಡಲಾಳ’ದ ಕಡ್ಲೆಕಾಯಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಕವ್ವನ ಮನೆಗೆ ಕದ್ದ ಕಡ್ಲೆಕಾಯಿ ಮೂಟೆ ಬರುತ್ತದೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಇಡೀ ಮನೆ ಬೆಂಕಿಯ ಸುತ್ತ ಕೂತು ರಾತ್ರಿಯೆಲ್ಲ ತಿನ್ನುತ್ತದೆ, ಸಿಪ್ಪೆ ಬೆಂಕಿಗೆ ಹೋಗುತ್ತದೆ. ಕಾನೂನಿನ ಕಣ್ಣಲ್ಲಿ ಅದು ಸಾಕ್ಷ್ಯನಾಶ. ಓದುವ ನಮಗೆ ಅದು ಹಬ್ಬ. ಅಲ್ಲಿ ಮನೆಮಂದಿಯ ಜಗಳ ನಿಲ್ಲುತ್ತದೆ, ಮಕ್ಕಳು ನಗುತ್ತಾರೆ, ಬೆಂಕಿಯ ಬೆಳಕು ಎಲ್ಲರ ಮುಖದ ಮೇಲೂ ಬೀಳುತ್ತದೆ. ಭರತನ ಸುಮನಸ್ಕರು ಎಂದೂ ಕಾಣದ ರಸ ಅದು. ಹೊಟ್ಟೆ ತುಂಬಿದವನಿಗೆ ತಿನ್ನುವುದು ಆಸ್ವಾದ, ಹಸಿದವನಿಗೆ ತಿನ್ನುವುದು ಒಂದು ಕೃತ್ಯ. ನಮ್ಮ ವಿಮರ್ಶೆ ಈ ಕೃತಿಯ ಭಾಷೆಯನ್ನು ಮೆಚ್ಚಿದಷ್ಟು ಈ ವ್ಯತ್ಯಾಸವನ್ನು ವಿವರಿಸಲಿಲ್ಲ.

ದಲಿತ ಬಂಡಾಯ ಕಾವ್ಯ ಹಸಿವನ್ನು ಹಾಡಿದಷ್ಟು ರುಚಿಯನ್ನು ಹಾಡಲಿಲ್ಲ ಅನ್ನುವುದೂ ನಿಜ. ಕೂಗಬೇಕಾದ ಕಾಲದಲ್ಲಿ ಕೂಗಿತು, ಸರಿ. ಆದರೆ ಕೇರಿಯಲ್ಲಿ ಬರೀ ಹಸಿವೇ ಇರಲಿಲ್ಲ. ಜಾತ್ರೆಯ ಬೆಂಡು ಬತ್ತಾಸು ಇತ್ತು, ಸೆರಗಿನಲ್ಲಿ ಕಟ್ಟಿ ತಂದ ಕಡ್ಲೆಪುರಿ ಇತ್ತು, ಬೆರಕೆಸೊಪ್ಪಿನ ಬಸ್ಸಾರಿತ್ತು, ಹಿಟ್ಟು ಮುರಿದು ಬಾಡಿನೆಸರಿಗೆ ಅದ್ದುವ ಸಂಭ್ರಮ ಇತ್ತು. ನಮ್ಮನ್ನು ಬರೀ ಖಾಲಿ ಹೊಟ್ಟೆಗಳಾಗಿ ನೋಡಿ ಮರುಗುವವರಿಗೆ ನಮ್ಮ ನಾಲಗೆಯ ನೆನಪು ಬೇಡ. ನಮಗೆ ಬೇಕು.

*

ಇದೆಲ್ಲ ಹಳೆಯ ಪುರಾಣ ಅಂತ ಯಾರಾದರೂ ಅಂದರೆ ಹತ್ತಿರದ ಮೂರು ಸಂಗತಿ ಹೇಳುತ್ತೇವೆ.

2023ನ್ನು ವಿಶ್ವಸಂಸ್ಥೆ ಕಿರುಧಾನ್ಯಗಳ ವರ್ಷ ಅಂತ ಸಾರಿತು. ನವಣೆ, ಸಾಮೆ, ಹಾರಕ ಎಲ್ಲಾ ಸಿರಿಧಾನ್ಯವಾಗಿ ಮಾಲುಗಳ ಗಾಜಿನ ಹಿಂದೆ ಕೂತವು. ರಾಗಿ ಬಿಸ್ಕತ್ತಾಯಿತು. ಒಳ್ಳೆಯದೇ. ಆದರೆ ಕಪ್ಪು ಹಿಟ್ಟು ತಿನ್ನೋರು ಅಂತ ಅನ್ನಿಸಿಕೊಂಡ ಜನಕ್ಕೆ ಆ ಸಿರಿಯಲ್ಲಿ ಪಾಲೆಷ್ಟು? ರಾಮ ಕೊಟ್ಟ ಪ್ರಶಸ್ತಿಪತ್ರದ ಹಾಗೆ ಇದೂ ಧಾನ್ಯಕ್ಕೆ ಬಂತು, ಬೆಳೆದವರಿಗೆ ಬರಲಿಲ್ಲ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ಎದ್ದು ನಿಂತರು. ಸೋಮೇಶ್ವರನ ಅರಮನೆಯಲ್ಲಿ ಇಲಿ ಹುರಿದ ಅದೇ ನಾಡಿನಲ್ಲಿ ಮಕ್ಕಳ ತಟ್ಟೆಯ ಒಂದು ಮೊಟ್ಟೆ ಧರ್ಮಸಂಕಟವಾಯಿತು! ಬಾಳೆಹಣ್ಣು ಬೇಕಾದವರಿಗೆ ಬಾಳೆಹಣ್ಣು ಅಂತ ದಾರಿ ಇದ್ದರೂ ಗದ್ದಲ ನಿಲ್ಲಲಿಲ್ಲ. ಮೊಟ್ಟೆ ಉಳಿಯಿತು, ಮರುವರ್ಷ ರಾಜ್ಯಕ್ಕೆಲ್ಲ ಬಂತು. ಮಕ್ಕಳ ತಟ್ಟೆಗೆ ಹೆದರುವುದು ನಮ್ಮಲ್ಲಿ ಮಾತ್ರವಲ್ಲ. 1969ರ ಜನವರಿಯಲ್ಲಿ ಓಕ್ಲೆಂಡಿನ ಒಂದು ಚರ್ಚಿನಲ್ಲಿ ಬ್ಲ್ಯಾಕ್ ಪ್ಯಾಂಥರರು ಬಡ ಮಕ್ಕಳಿಗೆ ಬೆಳಗಿನ ತಿಂಡಿ ಕೊಡಲು ಆರಂಭಿಸಿದರು. ಅದೇ ವರ್ಷ ಅಮೆರಿಕದ ಗುಪ್ತ ಪೊಲೀಸರ ಮುಖ್ಯಸ್ಥ ಹೂವರ್ ಆ ತಿಂಡಿಯನ್ನೇ ದೊಡ್ಡ ಅಪಾಯವೆಂದು ಗುರುತಿಸಿದ. ಬಂದೂಕಿಗಿಂತ ತಟ್ಟೆಗೆ ಹೆದರಿದವನು ದಡ್ಡನೇನಲ್ಲ. ಹೊಟ್ಟೆ ತುಂಬಿದ ಮಗು ತಲೆಯೆತ್ತಿ ಮಾತಾಡುತ್ತದೆ ಅಂತ ಅವನಿಗೆ ಗೊತ್ತಿತ್ತು. 1972ರಲ್ಲಿ ಮುಂಬಯಿಯ ನಮ್ಮ ಗೆಳೆಯರು ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದು ಆ ಬಳಗದಿಂದಲೇ.

ಮೂರನೆಯದು ನಮ್ಮ ಅಕ್ಷರದ ಮನೆಯದೇ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೆಯ ಸಾಹಿತ್ಯ ಸಮ್ಮೇಳನ. ಮಳಿಗೆಗಳ ನಿಯಮದಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಿದ್ದರು. ಬಾಡೂಟ ಅನ್ನುವ ಮಾತೇ ಮನೆಮಾತಾದ ಮಂಡ್ಯದಲ್ಲಿ! 2014ರ ಸರ್ಕಾರಿ ಮಾದರಿ ಸಮೀಕ್ಷೆಯ ಪ್ರಕಾರವೇ ಕರ್ನಾಟಕದ ವಯಸ್ಕರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಮಾಂಸ ತಿನ್ನುವವರು. ಅವರ ಊಟ ಚಟಗಳ ಪಟ್ಟಿಗೆ ಸೇರಿಹೋಯಿತು. ಅಲ್ಲಿನ ಜನ ಬಾಡೂಟ ಬೇಕು ಅಂತ ಕೇಳಿದರು. ಸಾಹಿತ್ಯಕ್ಕೂ ಬಾಡಿಗೂ ಏನು ಸಂಬಂಧ ಅಂತ ಕೆಲವರು ನಕ್ಕರು. 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೇಳಿದಾಗಲೂ ಸಾಹಿತ್ಯಕ್ಕೂ ಜಾತಿಗೂ ಏನು ಸಂಬಂಧ ಅನ್ನುವ ಇದೇ ಜಾತಿಯ ಉತ್ತರ ಬಂದಿತ್ತು. ಆ ಉತ್ತರದಿಂದಲೇ ಬಂಡಾಯ ಸಂಘಟನೆ ಹುಟ್ಟಿತು.

ಸಂಬಂಧ ಏನು ಅಂತ ಕೇಳುವವರಿಗೆ ನಮ್ಮ ಉತ್ತರ ಸರಳ. ರಸ ಅನ್ನುವ ಮಾತನ್ನು ಊಟದಿಂದ ಎರವಲು ತಂದವರು ನೀವು, ಊಟವನ್ನು ಸಾಹಿತ್ಯದಿಂದ ಹೊರಗಿಡುವವರೂ ನೀವೇ. ಎರಡರಲ್ಲಿ ಒಂದನ್ನು ಬಿಡಿ.

ನಮ್ಮವರಿಗೆ ಹೇಳಬೇಕಾದದ್ದು ಬೇರೆ ಇದೆ. ಪಾಟೋಳೆ ಮರಾಠವಾಡದಲ್ಲಿ ಮಾಡಿದ ಕೆಲಸ ಕನ್ನಡ ನಾಡಿನ ಒಂದೊಂದು ಜಿಲ್ಲೆಯಲ್ಲೂ ಆಗಬೇಕು. ಕಲಬುರಗಿಯ ಜೋಳದ ಸಂಗಟಿ ಬೇರೆ, ಕೋಲಾರದ ಉಪ್ಪೆಸರು ಬೇರೆ, ಕರಾವಳಿಯ ಒಣಮೀನಿನ ಗಂಜಿ ಬೇರೆ. ಯಾವ ಸೊಪ್ಪು ಯಾವ ಬದುವಿನಲ್ಲಿ ಸಿಗುತ್ತಿತ್ತು, ಯಾವ ಹೊಲದ ಒಡೆಯ ಕೀಳಬೇಡ ಅಂದ, ಯಾವ ಕೂಲಿಗೆ ಎಷ್ಟು ಸೇರು ಕೊಟ್ಟ, ಎಂಜಲು ತರುವುದನ್ನು ಯಾವ ಅವ್ವ ಯಾವತ್ತು ನಿಲ್ಲಿಸಿದಳು, ಇಷ್ಟೂ ಪಾಕಕ್ರಮದ ಜೊತೆಗೇ ಬರೆಯಬೇಕು. ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಗೆಳೆಯರೆ, ಒಂದು ನೋಟ್‌ಬುಕ್ಕು ಹಿಡಿದು ಒಲೆಯ ಪಕ್ಕ ಕೂರಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿ. ತಿದ್ದಿ ಸಂಸ್ಕೃತ ಹಚ್ಚಬೇಡಿ. ನಾವು ಅಚ್ಚು ಹಾಕುತ್ತೇವೆ.